ಅತ್ತೆಯ ಸುರುಳಿ ಸುಗಂಧಿ

ಒದ್ದೆ ಬಚ್ಚಲು, ಸೀಗೆಪುಡಿ, ಅವೆರಡರ ನಡುವೆ ತಣ್ಣಗೆ ಏಳುವ ಸುರುಳಿ ಸುಗಂಧಿಯ ಪರಿಮಳ. ಎಂಬತ್ತರ ದಶಕದ ನಮ್ಮ ರಾಜಾಜಿನಗರದ ಮನೆ ನನಗೆ ಇವತ್ತಿಗೂ ಹಾಗೇ ನೆನಪಾಗುತ್ತದೆ. ಮನೆ ಈಗಿಲ್ಲ. ಅಪ್ಪನ ಅಕ್ಕ ಪುಟ್ಟಮ್ಮತ್ತೆ ಗಂಡ ತೀರಿಕೊಂಡ ಮೇಲೆ ಊರಂಚಿನ ಹಳ್ಳಿ ಉಲ್ಲಾಳದಿಂದ ನಮ್ಮಲ್ಲಿಗೆ ಬಂದಾಗ ಒಂದು ಟ್ರಂಕು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಗೆಡ್ಡೆ ತಂದಿದ್ದರು. ಬಚ್ಚಲ ನೀರು ಹೋಗುವ ಕಡೆ ಅದನ್ನು ನೆಟ್ಟರು. ಮಳೆಗಾಲಕ್ಕೆ ಆಳುದ್ದ ಬೆಳೆದು ಹೂ ಬಿಟ್ಟಿತು. ಮಧ್ಯಾಹ್ನ ಬೀಡಿಯಂತೆ ಸುರುಳಿ ಸುತ್ತಿಕೊಂಡಿದ್ದ ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟಿ ಅತ್ತೆ ನನ್ನ ಜಡೆಗೆ ಮುಡಿಸುತ್ತಿದ್ದರು. ಸಂಜೆಯ ಹೊತ್ತಿಗೆ ಅವು ನನ್ನ ಬೆನ್ನ ಮೇಲೇ ಒಂದೊಂದಾಗಿ ಅರಳುತ್ತಿದ್ದವು. ಅಂಥ ಜಡೆ ನಿಮಗೂ ಯಾರಾದರೂ ಹೆಣೆದಿದ್ದರೆ ನಿಮಗೆ ಗೊತ್ತಿರುತ್ತದೆ.

ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಮ್ಮ ಮಿಸ್ ನನ್ನ ಜಡೆಯ ಹೂ ನೋಡಿ, “ಲಿಲ್ಲಿ ಎಷ್ಟು ಚೆನ್ನಾಗಿದೆ!” ಅಂದರು. ಅವತ್ತು ಸಂಜೆ ಮನೆಗೆ ಬಂದಿದ್ದ ನೆಂಟರ ಮುಂದೆಯೇ ನಾನು, “ಅತ್ತೆ, ಇದು ಸುಗಂಧಿ ಅಲ್ಲ, ಲಿಲ್ಲಿ. ಓದಿಲ್ದೋರಿಗೆ ಹೆಂಗ್ ಗೊತ್ತಾಗತ್ತೆ?” ಅಂದೆ. ಎಲ್ಲರೂ ನಕ್ಕರು. ಅತ್ತೆ ಒಂದು ಕ್ಷಣ ಕೈಯಲ್ಲಿದ್ದ ನಾರನ್ನು ನೋಡಿದರು. “ಹೌದೇನೋ ಮಗಾ. ನಮ್ಮವ್ವ ಹಂಗನ್ನೋಳು, ನಾನೂ ಅಂದ್ಕೊಂಡ್ ಬಂದೆ,” ಅಂದರು. ಆಮೇಲೆ ಅವರ ಬಾಯಲ್ಲಿ ಸುಗಂಧಿ ಎಂಬ ಮಾತು ಬರಲೇ ಇಲ್ಲ. ಕೋಪವಿರಲಿಲ್ಲ. ನನ್ನನ್ನು ನಂಬಿದ್ದರು, ಅಷ್ಟೇ.

ಪಿಯುಸಿಯಲ್ಲಿದ್ದಾಗ ಕಾಲೇಜಿನ ಲೈಬ್ರರಿಯ ಪುಸ್ತಕವೊಂದರಲ್ಲಿ ಆ ಹೂವಿನ ಚಿತ್ರ ಸಿಕ್ಕಿತು. ಶುಂಠಿಯ ಜಾತಿಯ ಗಿಡ, ಕನ್ನಡದಲ್ಲಿ ಸುರುಳಿ ಸುಗಂಧಿ ಎಂದಿತ್ತು. ಅತ್ತೆಗೆ ತೋರಿಸಬೇಕೆಂದು ಪುಸ್ತಕ ಹಿಡಿದು ಓಡಿಬಂದೆ. ಜಗಲಿಯಲ್ಲಿ ಹೊಸದಾಗಿ ಬಂದ ಬಾಡಿಗೆಮನೆಯಾಕೆ, “ಇದ್ಯಾವ ಹೂವು ಪುಟ್ಟಮ್ನೋರೇ?” ಎಂದು ಕೇಳುತ್ತಿದ್ದರು.

“ಲಿಲ್ಲಿ ಕಣಮ್ಮ. ನಮ್ ಹುಡ್ಗಿ ಹೇಳ್ಕೊಟ್ಟಿದ್ದು. ಬೋ ಓದ್ತಾಳೆ,” ಎಂದು ಅತ್ತೆ ನನ್ನ ಕಡೆ ನೋಡಿ ನಕ್ಕರು.

ನಾನು ಪುಸ್ತಕವನ್ನು ಬ್ಯಾಗಿಗೆ ಸೇರಿಸಿದೆ. ಅವರ ಹೆಮ್ಮೆಗೆ ನೋವಾಗದಿರಲಿ ಎಂದು ಸುಮ್ಮನಾದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ನನಗೆ ನಾಚಿಕೆಯಾಗಿತ್ತು. ಇವತ್ತಲ್ಲ ನಾಳೆ ಹೇಳಿದರಾಯಿತು ಅಂದುಕೊಂಡೆ. ಆ ಚಳಿಗಾಲದಲ್ಲಿ, ಮೂರೇ ದಿನದ ಜ್ವರದಲ್ಲಿ, ಅತ್ತೆ ಹೋಗಿಬಿಟ್ಟರು. ಅವರ ಅವ್ವ ಹೇಳಿದ್ದೇ ಸರಿ ಎಂದು ಅವರಿಗೆ ತಿಳಿಯಲೇ ಇಲ್ಲ.