ತಿರುಗಿಸದ ತಟ್ಟೆ

ನನ್ನ ಕೈಯಲ್ಲಿ ಬೆಂದ ಹಂದಿ ತಿಂದು ವಿಮಾನ ಹತ್ತಿದವರು ಒಬ್ಬರೂ ಬರಿಗೈಯಲ್ಲಿ ಮರಳಿ ಬಂದಿಲ್ಲ. ಇದು ಬಡಾಯಿಯಲ್ಲ, ನಮ್ಮ ಬವಾನ್ ಊರಿನ ಚರಿತ್ರೆ. ಮೂವತ್ತೆಂಟು ವರ್ಷಗಳಿಂದ ಇಲ್ಲಿನ ಬೀಳ್ಕೊಡುಗೆ ಊಟಗಳಿಗೆಲ್ಲ ಹಂದಿ ಸುಡುವವನು ನಾನು. ಅದರ ಗರಿಗರಿ ಚರ್ಮವನ್ನು ಇಲ್ಲಿ ಮುರಿದರೆ ಸಮುದ್ರದಾಚೆ ಮಿಂಡೊರೊ ದ್ವೀಪದ ನಾಯಿಗಳು ಎದ್ದು ಕೂರುತ್ತವೆ. ಅದನ್ನು ತಿಂದು ಹೋದ ಫಿಟ್ಟರು, ಪ್ಲಂಬರು, ಎಲೆಕ್ಟ್ರಿಷಿಯನ್ನುಗಳು ಸೌದಿ, ಕುವೈತು, ಸಿಂಗಾಪುರದ ತುಂಬ ಇದ್ದಾರೆ. ಅರ್ಧ ಪ್ರಪಂಚದ ಪೈಪುಗಳು ಸೋರದೆ ನಿಂತಿರುವುದೇ ನಾನು ತಿನ್ನಿಸಿದ ಕೊಬ್ಬಿನಿಂದ ಎಂದು ಹೇಳುತ್ತಿದ್ದೆ. ಈಗ ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ. ಅದಕ್ಕೆ ಕಾರಣ ಡೆಲ್ಫಿನ್ ಮಕಟಾಂಗಾಯ್.

ಡೆಲ್ಫಿನ್ ನಮ್ಮ ಓಣಿಯ ವೆಲ್ಡರ್. ಹುಟ್ಟಿದಾಗ ಅತ್ತನಲ್ಲ, ಅದೇ ಅವನು ಆಡಿದ ಅತಿ ಉದ್ದದ ಮಾತು. ಆದರೆ ಅವನ ಬೆಸುಗೆ ಮಾತಾಡುತ್ತಿತ್ತು. ಮೀನಿನ ಮೈಯ ಹುರುಪೆಯಂತೆ ಒಂದರ ಮೇಲೊಂದು, ಅಳೆದು ಜೋಡಿಸಿದ ಹಾಗೆ. ನನ್ನ ಹಂದಿ ಚುಚ್ಚುವ ಕಬ್ಬಿಣದ ಸರಳು ಒಮ್ಮೆ ಮುರಿದಾಗ ಅವನೇ ಬೆಸೆದುಕೊಟ್ಟಿದ್ದ. ಈಗ ಆ ಸರಳು ಬೇರೆಲ್ಲಾದರೂ ಮುರಿಯಬೇಕು, ಅವನು ಬೆಸೆದ ಕಡೆ ಮುರಿಯಬೇಕಾದರೆ ಭೂಕಂಪವೇ ಆಗಬೇಕು. ಹದಿನಾರು ವರ್ಷ ಊರಿನ ಹಡಗು ಕಾರ್ಖಾನೆಯಲ್ಲಿ ದುಡಿದ. ಆಮೇಲೆ ಅಮೆರಿಕದಲ್ಲೆಲ್ಲೋ ಬ್ಯಾಂಕು ಮುಳುಗಿತಂತೆ. ಅದು ಮುಳುಗಿದ ಸದ್ದು ನಮಗೆ ಕೇಳಿಸಲಿಲ್ಲ. ಕಾರ್ಖಾನೆಯ ಗೇಟು ಮುಚ್ಚಿದ ಸದ್ದು ಮಾತ್ರ ಚೆನ್ನಾಗಿ ಕೇಳಿಸಿತು. ಹಡಗು ಬೇಡ ಎಂದರು, ಕಟ್ಟುವವರೂ ಬೇಡವಾದರು.

ಡೆಲ್ಫಿನ್ ಕಂದು ಲಕೋಟೆಯಲ್ಲಿ ಕಾಗದಪತ್ರ ತುಂಬಿಕೊಂಡು ಮನಿಲಾಗೆ ಹೋದ. ಅಲ್ಲಿ ಹೊರದೇಶದ ಕೆಲಸ ಕೊಡಿಸುವ ಒಂದು ಏಜೆನ್ಸಿಯ ಮುಂದೆ ಅಂಥದೇ ಲಕೋಟೆ ಹಿಡಿದವರ ಸಾಲು. ಬಾಲ ಮನಿಲಾದಲ್ಲಿದ್ದರೆ ತಲೆ ಆಗಲೇ ಕತಾರ್ ಮುಟ್ಟಿತ್ತು ಎನ್ನಿ. ಪರೀಕ್ಷೆಗೆಂದು ಪೈಪೊಂದನ್ನು ಓರೆಯಾಗಿ ಕಚ್ಚಿಸಿಟ್ಟು, ಅದನ್ನು ಅಲುಗಿಸದೆ ಸುತ್ತಲೂ ಬೆಸೆಯಬೇಕು ಎಂದರು. ಡೆಲ್ಫಿನ್ ಬಗ್ಗಿ, ಮಂಡಿಯೂರಿ, ಕೊನೆಗೆ ಅಂಗಾತ ಮಲಗಿ ಬೆಸೆದ. ಆ ಬೆಸುಗೆಯ ಎಕ್ಸ್‌ರೇ ತೆಗೆದು ನೋಡಿದ ವಿದೇಶಿ ಪರೀಕ್ಷಕ ತನ್ನ ಕನ್ನಡಕವನ್ನೇ ಒರೆಸಿ ಮತ್ತೆ ನೋಡಿದನಂತೆ. ಒಂದು ಕೂದಲಷ್ಟೂ ಬಿರುಕಿಲ್ಲ. ಕತಾರಿನಲ್ಲಿ ಎರಡು ವರ್ಷದ ಕೆಲಸ, ಫೆಬ್ರವರಿ ಹದಿನೆಂಟಕ್ಕೆ ವಿಮಾನ ಎಂದರು.

ಸುದ್ದಿ ಕೇಳಿ ನಾನು ಚಾಕು ಮಸೆಯತೊಡಗಿದೆ. ಅವನ ಹೆಂಡತಿ ಲುಡಿವಿನಾ, ನಮ್ಮೆಲ್ಲರ ಬಾಯಲ್ಲಿ ಲುಡಿಂಗ್, ಬೇಡವೆಂದಳು.

"ಟಿಕೆಟ್ ಕೈಗೆ ಬರಲಿ, ಆಮೇಲೆ ನೋಡೋಣ ಮಾಮಾಯ್." ನಮ್ಮ ಕಡೆ ಹಲ್ಲುದುರಿದವರೆಲ್ಲ ಊರಿಗೇ ಮಾಮಾಯ್, ಅಂದರೆ ತಾತ.

"ಟಿಕೆಟ್ ಬರೋದ್ರೊಳಗೆ ವಿಮಾನ ಹೋಗಿರುತ್ತೆ ಕಣಮ್ಮ. ಹಂದಿ ಇಲ್ದೆ ಕಳಿಸಿದ್ರೆ ಜನ ಏನಂತಾರೆ? ಡೆಲ್ಫಿನ್ ಕದ್ದು ಓಡಿಹೋದ ಅಂತಾರೆ."

"ಹಿತ್ಲಲ್ಲಿರೋದು ಒಂದೇ ಹಂದಿ. ಅದು ಮಗಳು ಕಾರ್ಮೆಲಾ ಶಾಲೆ ಮುಗಿಸೋ ದಿನಕ್ಕೆ ಅಂತ ಸಾಕಿದ್ದು."

"ಮಾರ್ಚಿ ಹೊತ್ಗೆ ಅವರಪ್ಪ ಕತಾರಿಂದ ದುಡ್ಡು ಕಳಿಸಲ್ವಾ? ಅವತ್ತು ಎರಡು ಹಂದಿ ಸುಡೋಣ."

ಡೆಲ್ಫಿನ್ ಏನೂ ಹೇಳಲಿಲ್ಲ. ಅವನು ಹೇಳದ್ದನ್ನು ನಾನು ಒಪ್ಪಿಗೆ ಎಂದುಕೊಂಡೆ. ಬೇಕಾದ್ದನ್ನು ಕೇಳಿಸಿಕೊಳ್ಳುವುದರಲ್ಲಿ ನನ್ನ ಕಿವಿ ಯಾವತ್ತೂ ಚುರುಕು.

ಹಂದಿ ಬೆಂದಿತು. ಊರೇ ಉಂಡಿತು, ಸತ್ತವರು ಕೆಲವರು ಎದ್ದು ಬಂದು ಉಂಡು ಹೋದರೆಂದು ನನ್ನ ಗುಮಾನಿ. ಉಂಡವರೆಲ್ಲ ಏನಾದರೊಂದು ಬೇಡಿಕೆ ಇಟ್ಟರು: ಚಾಕೊಲೇಟು, ಸೋಪು, ಟೀ ಶರ್ಟು. ಮೂಲೆ ಅಂಗಡಿಯ ಪುರಿಂಗ್ ಕೈಗೆ ಹಚ್ಚುವ ಕ್ರೀಮು ಕೇಳಿ, ದಾರಿಗಿರಲಿ ಎಂದು ತಾನೇ ಮಾಡಿದ ಸಿಗಡಿ ಚಟ್ನಿಯ ಒಂದು ಬಾಟಲಿ ಕೊಟ್ಟಳು. ಮನಿಲಾಗೆ ಕರೆದೊಯ್ಯುವ ವ್ಯಾನು ಒಂದು ಗಂಟೆ ಮೊದಲೇ ಬಂದುಬಿಟ್ಟಿತು. ಊಟ ಇನ್ನೂ ಅರ್ಧ. ಡೆಲ್ಫಿನ್ ಎದ್ದ.

ಊಟದ ನಡುವೆ ಯಾರಾದರೂ ಪ್ರಯಾಣಕ್ಕೆ ಎದ್ದರೆ ಕೂತವರೆಲ್ಲ ತಮ್ಮ ತಮ್ಮ ತಟ್ಟೆಯನ್ನು ಒಂದು ಸುತ್ತು ತಿರುಗಿಸಬೇಕು. ಹೊರಟವನಿಗೆ ಅಡ್ಡಿ ಬಾರದಿರಲಿ ಎಂದು ನಮ್ಮ ಅಜ್ಜಿಯರ ಕಾಲದಿಂದ ಬಂದ ಪದ್ಧತಿ. ಮೇಜಿನುದ್ದಕ್ಕೂ ತಟ್ಟೆಗಳು ಕರಕರ ತಿರುಗಿದವು. ನನ್ನದು ತಿರುಗಲಿಲ್ಲ. ಅನ್ನದ ಗುಡ್ಡ, ಅದರ ಮೇಲೆ ಹಂದಿಯ ಕಿವಿ, ಸುತ್ತ ಲಿವರ್ ಸಾರು ಅಂಚಿನವರೆಗೆ. ತಿರುಗಿಸಿದರೆ ಚೆಲ್ಲುತ್ತಿತ್ತು. ಇಷ್ಟು ಜನ ತಿರುಗಿಸಿದ್ದಾರಲ್ಲ, ನನ್ನದೊಂದು ಯಾವ ಲೆಕ್ಕ ಎಂದುಕೊಂಡು ಹಂದಿಯ ಕಿವಿ ಚೀಪತೊಡಗಿದೆ.

ಆಮೇಲಿನ ಐದು ವಾರ ಡೆಲ್ಫಿನ್ ಕತಾರಿನಲ್ಲಿದ್ದದ್ದು ನನ್ನ ಬಾಯಲ್ಲಿ. ಲುಡಿವಿನಾಳನ್ನು ಕೇಳಿದರೆ "ಚೆನ್ನಾಗಿದ್ದಾರೆ, ಬಿಸಿಲು ಜಾಸ್ತಿಯಂತೆ" ಎಂದಷ್ಟೇ ಹೇಳಿ ನೆಲ ನೋಡುತ್ತಿದ್ದಳು. ಅಷ್ಟು ಸಣ್ಣ ಸುದ್ದಿಯಿಂದ ಊರಿನ ಹೊಟ್ಟೆ ತುಂಬೀತೇ? ನಾನು ಪುರಿಂಗಳ ಅಂಗಡಿ ಬೆಂಚಿನ ಮೇಲೆ ಕೂತು ಬೆಳೆಸಿದೆ. ಮೊದಲ ವಾರ ಡೆಲ್ಫಿನ್ ಮರಳುಗಾಡಿನುದ್ದಕ್ಕೂ ಪೈಪು ಬೆಸೆದ. ಎರಡನೆಯ ವಾರ ಅವನ ಬೆಸುಗೆ ಮುಟ್ಟಿ ನೋಡಲು ಸ್ವತಃ ಶೇಖನೇ ಬಂದ. ನಾಲ್ಕನೆಯ ವಾರದ ಹೊತ್ತಿಗೆ ಶೇಖ ತನ್ನ ಮಗಳನ್ನು ಕೊಡಲು ಮುಂದಾಗಿ, ಡೆಲ್ಫಿನ್ ಮರ್ಯಾದೆಯಿಂದ ಬೇಡವೆಂದಿದ್ದ. ಲುಡಿವಿನಾ ಅಂಗಡಿಗೆ ಬರುವುದನ್ನೇ ಬಿಟ್ಟಳು. ಸೊಕ್ಕು ಬಂತು ಅವಳಿಗೆ ಎಂದೆವು.

ಮಾರ್ಚಿಯಲ್ಲಿ ನನ್ನ ಕಣ್ಣಿನ ಪೊರೆ ತೋರಿಸಲು ಮನಿಲಾಗೆ ಹೋಗಿ, ಪಾಸಾಯ್ ಬಡಾವಣೆಯ ಸೋದರ ಸೊಸೆಯ ಮನೆಯಲ್ಲಿ ಇಳಿದುಕೊಂಡೆ. ಅವಳ ಕಿಟಕಿಗೆ ಹೊಸ ಗ್ರಿಲ್ ಹಾಕಿಸಿದ್ದಳು. ಬೀದಿ ನೋಡೋಣವೆಂದು ಗ್ರಿಲ್ ಹಿಡಿದು ನಿಂತೆ. ಕಣ್ಣು ಮಂಜಾದರೂ ನನ್ನ ಬೆರಳು ಮಂಜಾಗಿರಲಿಲ್ಲ. ಸರಳು ಕೂಡುವ ಕಡೆಯಲ್ಲೆಲ್ಲ ಹುರುಪೆ, ಒಂದರ ಮೇಲೊಂದು, ಅಳೆದು ಜೋಡಿಸಿದ ಹಾಗೆ.

"ಇದನ್ನ ಮಾಡಿದೋರ್ಯಾರು?"

"ತಿರುವಿನಲ್ಲಿರೋ ಗ್ರಿಲ್ ಅಂಗಡಿಯವ್ರು. ಯಾಕೆ ಮಾಮಾಯ್, ಸರಿಯಿಲ್ವಾ?"

"ಬೆಕ್ಕು ಬರದೇ ಇರೋಕೆ ಹಡಗಿನ ಬೆಸುಗೆ ಹಾಕಿದಾನೆ. ಸರಿಯಿಲ್ದೆ ಏನು."

ಅಂಗಡಿಯೆಂದರೆ ರಸ್ತೆಗೇ ಚಾಚಿದ ತಗಡಿನ ಸೂರು. ಮುಖಕ್ಕೆ ವೆಲ್ಡಿಂಗ್ ಮಾಸ್ಕು ಹಾಕಿದ ಒಬ್ಬ ಕೂತು ಕಿಡಿ ಹಾರಿಸುತ್ತಿದ್ದ. ನನ್ನನ್ನು ಕಂಡವನೇ ಕಿಡಿ ನಿಲ್ಲಿಸಿದ. ಮಾಸ್ಕು ಎತ್ತಲಿಲ್ಲ.

"ಡೆಲ್ಫಿನ್."

"ಇಲ್ಲಿ ಆ ಹೆಸರಿನೋರು ಯಾರೂ ಇಲ್ಲ." ದನಿ ಮನಿಲಾದವರ ಹಾಗೆ ಎಳೆದಿತ್ತು.

"ಹೌದಾ. ಇದ್ದಿದ್ರೆ ಒಂದು ಮಾತು ಹೇಳೋದಿತ್ತು. ಅವನ ಹೆಂಡ್ತಿ ಸೊರಗಿದಾಳೆ."

ಮಾಸ್ಕು ಅತ್ತಿತ್ತ ತಿರುಗಿ ಬೀದಿ ನೋಡಿತು. ಆಮೇಲೆ ಮಾತು ನಮ್ಮೂರ ದನಿಯಲ್ಲೇ ಬಂತು. "ಮಾಮಾಯ್, ದಯವಿಟ್ಟು ಹೋಗಿ. ಅವನು ಕತಾರಲ್ಲಿದಾನೆ."

ನಾನು ಹೋಗಲಿಲ್ಲ. ಅಲ್ಲೇ ಬಿದ್ದಿದ್ದ ಕಬ್ಬಿಣದ ರಾಶಿಯ ಮೇಲೆ ಕೂತೆ. ಕಾದಿತ್ತು, ಆದರೂ ಕೂತೆ. ಅವನು ಮಾಸ್ಕಿನೊಳಗಿಂದಲೇ ಒಂದೊಂದಾಗಿ ಹೇಳಿದ. ಅವತ್ತು ಏಜೆನ್ಸಿಗೆ ಹೋದರೆ, ಕತಾರಿನಲ್ಲಿ ಕಾಮಗಾರಿ ನಿಂತಿದೆ, ಎರಡು ವಾರ ಕಾಯಿ ಎಂದರಂತೆ. ಎರಡು ನಾಲ್ಕಾಯಿತು. ಪ್ರತಿ ಸೋಮವಾರ ಹೋಗಿ ಬಾಗಿಲಲ್ಲಿ ನಿಂತು ಬರುತ್ತಿದ್ದ. ಗ್ರಿಲ್ ಅಂಗಡಿಯ ಹಿಂದೆ ಮಲಗುತ್ತಿದ್ದ. ಗೋಡೆಗೊರಗಿಸಿದ ಸೂಟ್‌ಕೇಸಿನ ಹಗ್ಗವನ್ನು ಬಿಚ್ಚಿರಲೂ ಇಲ್ಲ. ಸುಟ್ಟ ತೂತುಗಳ ಒಂದೇ ಅಂಗಿಯನ್ನು ಒಗೆದೊಗೆದು ತೊಡುತ್ತಿದ್ದ. "ಅದರಲ್ಲಿರೋದೆಲ್ಲ ಕತಾರಿಗೆ ಹೋಗೋನಿಗೆ ಕೊಟ್ಟಿದ್ದು ಮಾಮಾಯ್. ತೆಗೆದ್ರೆ ಕದ್ದಂಗೆ."

"ಲುಡಿಂಗ್‌ಗೆ ಗೊತ್ತಾ?"

"ಅವಳೊಬ್ಳಿಗೆ ಗೊತ್ತು."

ಅವಳು ನೆಲ ನೋಡುತ್ತಿದ್ದುದು ಏಕೆಂದು ನನಗೆ ಆಗ ತಿಳಿಯಿತು. ಅದನ್ನು ಸೊಕ್ಕು ಎಂದಿದ್ದೆವು, ಎಲ್ಲರಿಗಿಂತ ಮೊದಲು ನಾನು.

"ಊರಿಗೆ ಬಾರೋ. ಬರೋ ಶುಕ್ರವಾರ ಕಾರ್ಮೆಲಾ ಶಾಲೆ ಮುಗಿಸ್ತಾಳೆ. ಕ್ಲಾಸಿಗೇ ಎರಡ್ನೇಯವಳು. ವೇದಿಕೆ ಹತ್ತಿ ಮೆಡಲ್ ಚುಚ್ಚೋರ್ಯಾರು?"

"ಅವಳಮ್ಮ ಚುಚ್ತಾಳೆ."

"ನಿನಗೆ ಆಸೆ ಇಲ್ವಾ?"

"ಆಸೆ ಏನು, ಪ್ರತಿ ದಿನ ಇಲ್ಲಿ ಕೂತು ಮನಸ್ಸಲ್ಲೇ ಚುಚ್ತೀನಿ." ಅವನು ಕೈಯಲ್ಲಿದ್ದ ವೆಲ್ಡಿಂಗ್ ಕಡ್ಡಿಯನ್ನು ನೋಡಿಕೊಂಡ. "ನಾನು ಬಂದ್ರೆ ಯಾರೂ ಅವಳ ಮೆಡಲ್ ನೋಡಲ್ಲ ಮಾಮಾಯ್. ನನ್ನ ನೋಡ್ತಾರೆ. ಅವಳ ಹಂದಿ ತಿಂದು ಪಾಸಾಯ್‌ಗೆ ಹೋದೋನು ಅಂತಾರೆ. ಅದೂ ಅಲ್ದೆ, ಲುಡಿಂಗ್ ಫೋನಲ್ಲಿ ಹೇಳ್ತಾಳೆ, ನೀವು ಅಂಗಡೀಲಿ ಏನೇನು ಹೇಳ್ತೀರ ಅಂತ. ನೀವು ಒಂದೊಂದು ಕತೆ ಹೇಳಿದ್ಹಂಗೆಲ್ಲ ಊರು ನನಗೆ ಇನ್ನೂ ದೂರ ಆಗತ್ತೆ. ಆ ಶೇಖನ ಮಗಳನ್ನ ದಾಟಿ ನಾನು ಹ್ಯಾಗೆ ಬರ್ಲಿ?"

ನಗಿಸುವ ಮಾತು ನನಗೆ ಯಾವತ್ತೂ ಕೈಕೊಟ್ಟಿರಲಿಲ್ಲ. ಅವತ್ತು ಕೊಟ್ಟಿತು. ಇದ್ದದ್ದನ್ನೇ ಹೇಳಿಬಿಟ್ಟೆ.

"ಡೆಲ್ಫಿನ್, ಅವತ್ತು ನೀನು ಏಳುವಾಗ ನಾನು ತಟ್ಟೆ ತಿರುಗಿಸ್ಲಿಲ್ಲ."

ಮಾಸ್ಕು ಮೇಲೇರಿತು. ಒಳಗಿನ ಮುಖ ಅರ್ಧವಾಗಿತ್ತು, ಗಡ್ಡ ಎರಡರಷ್ಟಾಗಿತ್ತು.

"ಯಾಕೆ?"

"ಸಾರು ಚೆಲ್ಲುತ್ತೆ ಅಂತ."

ಅವನು ನನ್ನನ್ನು ನೋಡಿದ. ಬೈಯಲಿಲ್ಲ. ಬೈದಿದ್ದರೆ ಬಸ್ಸಿನಲ್ಲಿ ಊರವರೆಗೆ ಸ್ವಲ್ಪ ನಿದ್ದೆಯಾದರೂ ಬರುತ್ತಿತ್ತು. "ಊರಲ್ಲಿ ಹೇಳ್ಬೇಡಿ" ಎಂದ, ಮಾಸ್ಕು ಇಳಿಸಿದ, ಕಿಡಿ ಹಾರಿತು.

ಊರಿಗೆ ಬಂದು ನಾನು ಬಾಯಿ ಮುಚ್ಚಿಕೊಂಡೆ. ನಾಲ್ಕು ದಿನ ನನ್ನ ಮಾತಿಲ್ಲದೆ ಪುರಿಂಗ್ ಪಾದ್ರಿಯನ್ನು ಕರೆಸುವ ಯೋಚನೆ ಮಾಡಿದ್ದಳಂತೆ. "ಶೇಖ ಏನಂತಾನೆ ಮಾಮಾಯ್?" ಎಂದು ಜನ ಕೇಳಿದರೆ, ಹಲ್ಲುನೋವು ಎಂದೆ. ನನ್ನ ಬಾಯಲ್ಲಿ ಹಲ್ಲೇ ಇಲ್ಲ ಎಂಬುದು ಯಾರಿಗೂ ನೆನಪಾಗಲಿಲ್ಲ.

ಶುಕ್ರವಾರ ಶಾಲೆಯ ಅಂಗಳದಲ್ಲಿ ಊರೆಲ್ಲ ಕೂತಿತ್ತು. ಕಾರ್ಮೆಲಾಳ ಹೆಸರು ಕರೆದರು. ಲುಡಿವಿನಾ ಎದ್ದು, ನೆಟ್ಟಗೆ ನಿಂತು, ವೇದಿಕೆಯ ಕಡೆ ಹೊರಡದೆ ಗೇಟಿನ ಕಡೆ ತಿರುಗಿದಳು. ಗೇಟಿನಿಂದ ಡೆಲ್ಫಿನ್ ಬರುತ್ತಿದ್ದ. ಸೂಟ್‌ಕೇಸು ಕೈಯಲ್ಲಿ, ಹಗ್ಗ ಕಟ್ಟಿದ ಹಾಗೇ ಇದೆ. ಮೈಮೇಲೆ ಸುಟ್ಟ ತೂತುಗಳ ಅದೇ ಅಂಗಿ. ಮುನ್ನೂರು ಕುರ್ಚಿ ಒಟ್ಟಿಗೆ ಕಿರುಗುಟ್ಟಿದವು.

ಅವನು ಯಾರನ್ನೂ ನೋಡದೆ ನೇರ ವೇದಿಕೆ ಹತ್ತಿದ. ಕಿವಿ ಕೆಂಪಾಗಿತ್ತು, ಕೊರಳು ಕೆಂಪಾಗಿತ್ತು. ಓರೆ ಪೈಪಿನ ಕೆಳಗೆ ಅಂಗಾತ ಮಲಗಿ ಬೆಸೆದ ಕೈಗೆ ಮೆಡಲ್ಲಿನ ಪಿನ್ನು ಚುಚ್ಚುವ ಜಾಗ ಸಿಗಲಿಲ್ಲ. ಕಾರ್ಮೆಲಾ ತಾನೇ ಅಪ್ಪನ ಬೆರಳು ಹಿಡಿದು ಸರಿಯಾದ ಜಾಗಕ್ಕೆ ತಂದಳು. ಮೆಡಲ್ ಸೊಟ್ಟಗೆ ಕೂತಿತು. ಅವನ ಜನ್ಮದಲ್ಲಿ ಸೊಟ್ಟಗಾದ ಕೆಲಸ ಅದೊಂದೇ. ಅವಳು ಅದನ್ನು ಸರಿಪಡಿಸಿಕೊಳ್ಳದೆ ಹಾಗೇ ವೇದಿಕೆ ಇಳಿದಳು.

ಡೆಲ್ಫಿನ್ ಇಳಿಯುವಷ್ಟರಲ್ಲಿ ಪುರಿಂಗ್ ಅಡ್ಡ ನಿಂತಿದ್ದಳು. "ಏನಪ್ಪಾ, ಕತಾರ್ ಇಷ್ಟು ಹತ್ರವಾ? ಬೆಳಿಗ್ಗೆ ಹೊರಟ್ಯಾ?"

ನನ್ನ ಬಾಯಿ ತಾನಾಗಿ ತೆರೆಯಿತು. "ಶೇಖ ರಜೆ ಕೊಟ್ಟ ಕಣೇ, ಮಗಳ ಮೆಡಲ್ ಅಂದಿದ್ದಕ್ಕೆ..."

"ಶೇಖನೂ ಇಲ್ಲ, ರಜೆನೂ ಇಲ್ಲ," ಎಂದ ಡೆಲ್ಫಿನ್. ಎಲ್ಲರಿಗೂ ಕೇಳುವಷ್ಟು ಜೋರಾಗಿ ಅವನು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಾನು ಹೋಗೇ ಇಲ್ಲ ಪುರಿಂಗಕ್ಕ. ಅಲ್ಲಿ ಕೆಲಸ ನಿಂತೋಯ್ತು. ಪಾಸಾಯ್‌ನಲ್ಲಿ ಕಿಟಕಿ ಗ್ರಿಲ್ ಮಾಡ್ತಿದ್ದೆ." ಅಲ್ಲೇ ಕುಕ್ಕರಗಾಲಲ್ಲಿ ಕೂತು, ಸೂಟ್‌ಕೇಸಿನ ಹಗ್ಗ ಬಿಚ್ಚಿ, ಬಾಟಲಿಯೊಂದನ್ನು ತೆಗೆದು ಅವಳ ಕೈಗಿಟ್ಟ. "ನಿಮ್ಮ ಸಿಗಡಿ ಚಟ್ನಿ. ಕತಾರಿಗೆ ಅಂತ ಕೊಟ್ಟಿದ್ರಿ. ಮುಚ್ಚಳ ತೆಗೆದಿಲ್ಲ."

ಪುರಿಂಗ್ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳ ಮೂರು ಅಳಿಯಂದಿರಲ್ಲಿ ಇಬ್ಬರು ಆ ತಿಂಗಳೇ ತೈವಾನಿನಲ್ಲಿ ಕೆಲಸ ಕಳೆದುಕೊಂಡು ಬಂದು ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದರು. ಅದು ನಮಗೆ ಆಮೇಲೆ ಗೊತ್ತಾಯಿತು. "ಐದು ವಾರ ಕೆಡದೇ ಇದೆಯಲ್ಲ," ಎಂದಷ್ಟೇ ಹೇಳಿ ದಾರಿ ಬಿಟ್ಟಳು.

ಮನೆಯಲ್ಲಿ ಹಂದಿ ಇರಲಿಲ್ಲ. ಲುಡಿವಿನಾ ಶ್ಯಾವಿಗೆ ಮಾಡಿದ್ದಳು. ಚಟ್ನಿಯ ಬಾಟಲಿ ಪುರಿಂಗಳ ಅಂಗಡಿಗೆ ಹೋಗಿ, ಹೇಗೋ ಆ ಮೇಜಿಗೇ ಮರಳಿ ಬಂದಿತ್ತು. ಬರಬೇಕೋ ಬಾರದೋ ಎಂದು ನಾನು ಬಾಗಿಲಲ್ಲಿ ಮೂರು ಸಲ ಕೆಮ್ಮಿದೆ. ಡೆಲ್ಫಿನ್ ಒಂದು ಕುರ್ಚಿ ಎಳೆದ. ಸೋಮವಾರ ಮತ್ತೆ ಮನಿಲಾ, ಮತ್ತೆ ಏಜೆನ್ಸಿಯ ಬಾಗಿಲು ಎಂದು ಮಾತಾಯಿತು. ನಾನು ತಲೆ ತಗ್ಗಿಸಿಕೊಂಡೇ ಉಂಡೆ. ಕೊನೆಗೆ ತಡೆಯಲಾಗಲಿಲ್ಲ.

"ನೋಡು ಮಗಾ, ಟಿಕೆಟ್ ನಿನ್ನ ಕೈಗೆ ಬಂದ ದಿನ ಹಂದಿ ನನ್ನದು. ನಿನ್ನ ಹಿತ್ಲಿಂದಲ್ಲ, ನನ್ನ ಹಿತ್ಲಿಂದ. ಹಿಂದಿನದರ ಎರಡರಷ್ಟು ದೊಡ್ಡದು."

ಡೆಲ್ಫಿನ್ ಶ್ಯಾವಿಗೆ ಬಡಿಸುತ್ತಿದ್ದವನು ನನ್ನ ತಟ್ಟೆಯ ಹತ್ತಿರ ಸೌಟು ತಡೆದ.

"ಹಂದಿ ಬೇಡ ಮಾಮಾಯ್. ಅವತ್ತು ನಿಮ್ಮ ಮುಂದೆ ಖಾಲಿ ತಟ್ಟೆ ಇಡ್ತೀನಿ. ಅದನ್ನ ತಿರುಗಿಸಿ, ಸಾಕು."