ಬೈಕಿನ ಅಡಿಗೆ ಸಿಕ್ಕಿದ ಔಷಧದ ಚೀಲ

ನಾವು ನಂಜನಗೂಡು ಬಿಟ್ಟಾಗ ಇನ್ನೂ ಮಂಜು ಕವಿದಿತ್ತು. ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಎರಡು ಬೈಕು, ಇಬ್ಬರು ಸವಾರರು: ನಾನು ಮತ್ತು ಸಿದ್ದರಾಜು. ಟಿ. ನರಸೀಪುರ, ಕೊಳ್ಳೇಗಾಲ, ಮಹದೇಶ್ವರ ಬೆಟ್ಟ, ಅಲ್ಲಿಂದ ಘಾಟಿ ಇಳಿದು ತಮಿಳುನಾಡು, ಕೊನೆಗೆ ಕನ್ಯಾಕುಮಾರಿ. ಇದು ನಾವು ಹಾಕಿಕೊಂಡ ದಾರಿ. ಹೋಗಿ ಬರಲು ಇಬ್ಬರೂ ರಜೆ ಹಾಕಿದ್ದೆವು. ತಲುಪಿದ್ದು ಟಿ. ನರಸೀಪುರವನ್ನು ಮಾತ್ರ, ಅದೂ ಆಂಬುಲೆನ್ಸಿನಲ್ಲಿ. ಮೂವತ್ತು ಕಿಲೋಮೀಟರನ್ನೂ ದಾಟದ ಈ ಪ್ರಯಾಣವನ್ನು ಬರೆಯಬೇಕೇ ಎಂದು ಬಹಳ ಯೋಚಿಸಿದೆ. ದೂರ ಹೊರಡುವವರು ನಮ್ಮ ಹಾಗೆಯೇ ಸಾಮಾನು ಕಟ್ಟುವುದನ್ನು ನೋಡುತ್ತಿರುವುದರಿಂದ ಬರೆಯುತ್ತಿದ್ದೇನೆ.

ನಾನು ಪದವಿಪೂರ್ವ ಕಾಲೇಜೊಂದರ ಲ್ಯಾಬಿನಲ್ಲಿ ಸಹಾಯಕ. ಸಿದ್ದರಾಜು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಾನೆ. ಪ್ರಥಮ ಚಿಕಿತ್ಸೆಯ ತರಬೇತಿಯನ್ನು ಕಾರ್ಖಾನೆಯಲ್ಲಿ ಕೊಟ್ಟಿದ್ದರು; ಅದನ್ನು ಮನಸ್ಸಿಟ್ಟು ಕಲಿತವನು ಅವನು. ಹಾಗಾಗಿ ಔಷಧದ ಚೀಲ ಅವನ ಜವಾಬ್ದಾರಿ, ಪಂಕ್ಚರ್ ಸಾಮಾನು, ಪಂಪು, ಸ್ಪ್ಯಾನರು ನನ್ನವು. ಎರಡು ಬೈಕಿಗೂ ತೂಕ ಸಮವಾಗಬೇಕಲ್ಲ, ಹಾಗೆ ಹಂಚಿಕೊಂಡೆವು. ಆಗ ಇಬ್ಬರಿಗೂ ಇದು ಬಹಳ ಬುದ್ಧಿವಂತಿಕೆ ಅನ್ನಿಸಿತ್ತು.

ಹಿಂದಿನ ಸಂಜೆ ಅವನ ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಎಲ್ಲವನ್ನೂ ಹರಡಿಕೊಂಡು ಕೂತಿದ್ದೆವು. ಗಾಜ್ ಬಟ್ಟೆ, ಬ್ಯಾಂಡೇಜ್ ಸುರುಳಿಗಳು, ಉಳುಕಿಗೆ ಕಟ್ಟುವ ಎಳೆಯುವ ಪಟ್ಟಿ, ಕತ್ತರಿ, ಕೈಗವಸು, ಗಾಯ ತೊಳೆಯುವ ಔಷಧ, ಸುಟ್ಟ ಗಾಯದ ಮುಲಾಮು, ಜ್ವರದ ಮಾತ್ರೆ, ಓಆರ್‌ಎಸ್ ಪೊಟ್ಟಣಗಳು. ಸಿದ್ದರಾಜುವಿನ ಹೆಂಡತಿ ಮಂಜುಳಾ ಕಾಫಿ ತಂದು ಇಡಲು ಜಾಗ ಹುಡುಕಿದಳು.

"ನೀವು ಟೂರಿಗೆ ಹೋಗ್ತಿದ್ದೀರೋ, ಮೆಡಿಕಲ್ ಶಾಪ್ ಇಡಕ್ಕೆ ಹೋಗ್ತಿದ್ದೀರೋ ಪ್ರಕಾಶಣ್ಣ?"

"ನಿನ್ನ ಗಂಡನ್ನ ಕೇಳಮ್ಮ. ನಾನು ತಂದಿರೋದು ಒಂದು ತಲೆನೋವಿನ ಮುಲಾಮು ಅಷ್ಟೇ."

"ನೀನು ಮಾತು ನಿಲ್ಸುದ್ರೆ ಯಾರಿಗೂ ತಲೆನೋವೇ ಬರಕಿಲ್ಲ ಕಣ್ಲಾ, ಮುಲಾಮ್ ಯಾತಕ್ಕೆ?" ಎಂದ ಸಿದ್ದರಾಜು.

ನಗುತ್ತಲೇ ಮಂಜುಳಾ ಕೂತು ಒಂದೊಂದು ಸಾಮಾನನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಬಿಗಿದಳು. ದಾರಿಯಲ್ಲಿ ಮಳೆ ಸಿಕ್ಕರೆ ಹತ್ತಿ ನೆನೆಯಬಾರದು ಎಂದು ಬ್ಯಾಂಡೇಜಿಗೆ ಎರಡೆರಡು ಕವರು ಹಾಕಿದಳು. ದಿನವೂ ಬೇಕಾಗುವ ಮಾತ್ರೆ, ಮುಲಾಮು ಮೇಲಿರಲಿ, ಬ್ಯಾಂಡೇಜು ಅಪರೂಪ, ತಳಕ್ಕೆ ಹೋಗಲಿ ಎಂದು ಸಿದ್ದರಾಜು ಹೇಳಿದ. ನಾನೂ ಹೌದೆಂದೆ. ಚೀಲ ಅವನ ಬೈಕಿನ ಎಡಗಡೆಯ ಬ್ಯಾಗಿನೊಳಕ್ಕೆ ಹೋಯಿತು.

ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರ ಇಡ್ಲಿ ತಿಂದು, ಟ್ಯಾಂಕು ತುಂಬಿಸಿ ಹೊರಟೆವು. ಊರು ದಾಟಿದ ಮೇಲೆ ಚಳಿ ಜಾಸ್ತಿಯಾಯಿತು. ಭತ್ತ ಕೊಯ್ದ ಗದ್ದೆಗಳ ಮೇಲೆ ಮಂಜು ನಿಂತಿತ್ತು. ನಾಲೆಯ ಏರಿಯ ಮೇಲೆ ಯಾರೋ ಕಂಬಳಿ ಹೊದ್ದು ನಡೆಯುತ್ತಿದ್ದರು. ಕಾಲು ಕಾಣುತ್ತಿರಲಿಲ್ಲ, ಕಂಬಳಿ ಮಾತ್ರ ತೇಲಿಹೋದಂತೆ ಕಾಣಿಸಿತು. ಸಿದ್ದರಾಜು ಮುಂದೆ, ನಾನು ಹಿಂದೆ.

ಈ ಕಾಲದಲ್ಲಿ ನಮ್ಮ ಕಡೆ ಹುರುಳಿಯ ಒಕ್ಕಣೆ ರಸ್ತೆಯ ಮೇಲೆಯೇ ನಡೆಯುತ್ತದೆ. ಕಿತ್ತ ಗಿಡಗಳನ್ನು ಟಾರಿನ ಮೇಲೆ ಹಾಸುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರು ತುಳಿದು ಕಾಳು ಬಿಡಿಸಿಕೊಟ್ಟು ಹೋಗುತ್ತವೆ. ಹಾಕಬಾರದು ಎಂದು ಎಲ್ಲರಿಗೂ ಗೊತ್ತು, ಆದರೂ ಹಾಕುತ್ತಾರೆ. ನಮ್ಮಂಥವರು ತುಳಿದೇ ಹೋಗುತ್ತೇವೆ. ಸಿದ್ದರಾಜುವಿನ ತಂದೆಯ ಹೊಲ ಹೆಮ್ಮರಗಾಲದ ಕಡೆ. ಅವರ ಮನೆಯ ಹುರುಳಿಯೂ ಹೀಗೆಯೇ ರಸ್ತೆಯಲ್ಲಿ ಒಕ್ಕಿದ್ದು. ದಾರಿಯಲ್ಲಿ ಮೊದಲ ಹಾಸು ಸಿಕ್ಕಿದಾಗ ಅವನು ಬೈಕನ್ನು ನಿಧಾನ ಮಾಡಿ ನಟ್ಟನಡುವೆ ಹತ್ತಿಸಿದ. ದಾಟಿದ ಮೇಲೆ ಹಿಂದಕ್ಕೆ ತಿರುಗಿ ನನಗೆ ಕೂಗಿ ಹೇಳಿದ: "ಬದೀಲಿ ಯಾಕ್ಲಾ ಓಯ್ತೀಯ? ತುಳುದ್ರೆ ಅವ್ರಿಗೂ ಉಪ್ಕಾರ!"

ಎರಡನೆಯ ಹಾಸು ಸಿಕ್ಕಿದ್ದು ಒಂದು ಚಿಕ್ಕ ಊರಿನ ಮುಂದೆ. ಊರಿನ ಹೆಸರನ್ನು ಬರೆಯುವುದಿಲ್ಲ, ಅಲ್ಲಿನವರ ಹೆಸರುಗಳನ್ನೂ ಬದಲಿಸಿದ್ದೇನೆ. ಬಲಗಡೆ ಒಂದು ಗಾಡಿ ಹೋಗುವಷ್ಟು ರಸ್ತೆಯನ್ನು ಖಾಲಿ ಬಿಟ್ಟಿದ್ದರು. ಇದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಆಮೇಲೆ ನನ್ನನ್ನು ಎಲ್ಲರೂ ಇದನ್ನೇ ಕೇಳಿದರು. ನಾನು ಆ ಖಾಲಿ ಜಾಗದಲ್ಲಿ ಹೋದೆ. ಸಿದ್ದರಾಜು ಹುರುಳಿಯ ಮೇಲೆ ಹತ್ತಿಸಿದ. ಮಂಜಿಗೆ ಸೊಪ್ಪು ಒದ್ದೆಯಾಗಿತ್ತು, ಅಡಿಯಲ್ಲಿ ಉದುರಿದ ಕಾಳು ಗುಂಡಗೆ ಉರುಳುತ್ತಿತ್ತು. ಮುಂದಿನ ಚಕ್ರ ಪಕ್ಕಕ್ಕೆ ಸರಿಯಿತು. ದೊಡ್ಡ ಶಬ್ದವೇನೂ ಆಗಲಿಲ್ಲ. ಬೈಕು ಎಡಕ್ಕೆ ಮಲಗಿ, ಸೊಪ್ಪನ್ನು ತಳ್ಳಿಕೊಂಡು ಜಾರಿ, ರಸ್ತೆಯ ಅಂಚಿನಲ್ಲಿ ನಿಂತಿತು. ಸಿದ್ದರಾಜು ಅದಕ್ಕಿಂತ ಹಿಂದೆಯೇ ಬಿದ್ದಿದ್ದ.

ನಾನು ಓಡಿ ಹೋದಾಗ ಅವನು ಮೊಣಕೈ ಊರಿ ಏಳಲು ನೋಡುತ್ತಿದ್ದ. ಎಡ ಮೊಣಕಾಲಿನ ಹಿಂದೆ ಪ್ಯಾಂಟು ಹರಿದಿತ್ತು. ಏನು ಕೊಯ್ದಿತೋ ಈಗಲೂ ತಿಳಿಯದು, ಬಹುಶಃ ಕಾಲಿಡುವ ಕಬ್ಬಿಣ. ರಕ್ತ ಸುಮ್ಮನೆ ಹರಿಯುತ್ತಿರಲಿಲ್ಲ. ಚಿಮ್ಮಿ ನಿಲ್ಲುತ್ತಿತ್ತು, ಮತ್ತೆ ಚಿಮ್ಮುತ್ತಿತ್ತು. ಅವನೂ ನೋಡಿದ. ನೋಡಿ ತಾನೇ ಮಲಗಿಕೊಂಡ.

"ಪ್ರಕಾಶ, ಬಟ್ಟೆ ಇಟ್ಟು ಒತ್ತು. ಪೂರ್ತಿ ಭಾರ ಬುಟ್ಟು ಒತ್ತು. ತೆಗ್ದು ಮಾತ್ರ ನೋಡ್ಬ್ಯಾಡ."

ಕುತ್ತಿಗೆಯ ಮಫ್ಲರನ್ನು ಮಡಿಸಿ ಎರಡು ಕೈಯಿಂದಲೂ ಒತ್ತಿದೆ. ಅದು ಬೇಗ ನೆನೆಯಿತು. ಬ್ಯಾಂಡೇಜು, ಗಾಜ್ ಬಟ್ಟೆ ಎಲ್ಲವೂ ಅವನ ಬೈಕಿನ ಎಡಗಡೆಯ ಬ್ಯಾಗಿನಲ್ಲಿದ್ದವು. ಬೈಕು ಎಡಕ್ಕೇ ಬಿದ್ದಿತ್ತು. ಚೀಲ ಅದರ ಅಡಿಯಲ್ಲಿತ್ತು. ಬೈಕು ಎತ್ತಬೇಕಾದರೆ ನಾನು ಕೈ ಬಿಡಬೇಕಿತ್ತು. ಕೈ ಬಿಟ್ಟರೆ ಅವನು ಉಳಿಯುವುದಿಲ್ಲ ಎಂಬುದು ಯಾರೂ ಹೇಳದೆಯೇ ನನಗೆ ತಿಳಿದಿತ್ತು.

ಅಷ್ಟರಲ್ಲಿ ಹುರುಳಿ ಹಾಸಿದ್ದ ದಂಪತಿಗಳು ಬಂದರು. ಗಂಡ ಮಾದಯ್ಯ, ಐವತ್ತು ದಾಟಿದವರು. ಹೆಂಡತಿ ನಾಗಮ್ಮ. ಮಾದಯ್ಯ ಒಂದು ಕ್ಷಣ ನಿಂತು ನೋಡಿ, ತಿರುಗಿ ಪೊರಕೆ ಹಿಡಿದು ರಸ್ತೆಯ ಮೇಲಿನ ಹುರುಳಿಯನ್ನು ಗುಡಿಸತೊಡಗಿದರು. ನನಗೆ ಮೈಯೆಲ್ಲ ಉರಿಯಿತು. "ರೀ, ಇಲ್ಲಿ ಮನುಷ್ಯ ಸಾಯ್ತಾ ಇದ್ದಾನೆ, ನೀವು ರಸ್ತೆ ಕ್ಲೀನ್ ಮಾಡ್ತೀರಾ? ಬೈಕ್ ಎತ್ತಿ!" ಎಂದು ಕಿರುಚಿದೆ. ಅವರು ಗುಡಿಸುವುದನ್ನು ನಿಲ್ಲಿಸಲಿಲ್ಲ.

ನಾಗಮ್ಮ ಓಡಿ ಹೋಗಿ ಮನೆಯಿಂದ ಒಗೆದ ಟವಲುಗಳನ್ನು ತಂದರು. ಮಫ್ಲರಿನ ಮೇಲೆಯೇ ಒಂದನ್ನು ಇಟ್ಟು ಮತ್ತೆ ಒತ್ತಿದೆ. ಪಕ್ಕದ ಮನೆಯ ಮುದುಕಿಯೊಬ್ಬರು ಡಬ್ಬಿ ಹಿಡಿದು ಬಂದರು. "ಕಾಪಿ ಪುಡಿ ಮೆತ್ತಪ್ಪ, ಗಪ್ಪಂತ ನಿಂತೋಯ್ತದೆ."

"ಬ್ಯಾಡ ಕಣಜ್ಜಿ," ಎಂದ ಸಿದ್ದರಾಜು ಮಲಗಿದಲ್ಲಿಂದಲೇ. "ಕಾಪಿ ಆಮೇಕ್ ಕುಡಿಯಮ."

ಮುದುಕಿ ಡಬ್ಬಿ ಮುಚ್ಚಿಕೊಂಡರು. ಹಾಲಿನ ಡೇರಿಯಿಂದ ಬರುತ್ತಿದ್ದ ಇಬ್ಬರು ಬೈಕನ್ನು ಎತ್ತಿದರು, ಒಬ್ಬ ೧೦೮ಕ್ಕೆ ಫೋನು ಮಾಡಿದ. ಬ್ಯಾಗಿನ ಜಿಪ್ಪು ಜಜ್ಜಿ ಹೋಗಿತ್ತು. ನಾಗಮ್ಮ ಕುಡುಗೋಲಿನಿಂದ ಬ್ಯಾಗನ್ನೇ ಸೀಳಿದರು. ಮಾತ್ರೆ, ಮುಲಾಮು, ಓಆರ್‌ಎಸ್ ಪೊಟ್ಟಣಗಳು ಹುರುಳಿ ಹೊಟ್ಟಿನ ಮೇಲೆ ಚೆಲ್ಲಿದವು. ಬ್ಯಾಂಡೇಜು ತಳದಲ್ಲಿತ್ತು, ಎರಡು ಕವರಿನೊಳಗೆ, ಎರಡು ಗಂಟಿನೊಳಗೆ. "ಯಾರ್ ಕಟ್ಟುದ್ರೋ ಇದ್ನ!" ಎಂದು ಬೈಯುತ್ತಾ ನಾಗಮ್ಮ ಹಲ್ಲಿನಲ್ಲಿ ಕಚ್ಚಿ ಹರಿದರು. ಮಳೆಗೆ ಕಟ್ಟಿದ್ದ ಗಂಟು ಅದು. ಆತುರವನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಸುರುಳಿಯನ್ನು ಟವಲಿನ ಮೇಲೆ ಬಿಗಿಯಾಗಿ ಸುತ್ತುವುದನ್ನು ಸಿದ್ದರಾಜುವೇ ಹೇಳಿಕೊಟ್ಟ. ನಾಗಮ್ಮ ಸುತ್ತಿದರು, ನಾನು ಒತ್ತಿಯೇ ಇದ್ದೆ. ಕೊನೆಯ ಸುತ್ತಿನ ಹೊತ್ತಿಗೆ ಅವನ ಮಾತು ಸಣ್ಣಗಾಯಿತು. "ಇನ್ನೊಂದು..." ಎಂದ. ಮುಖ ಬೆಳ್ಳಗಾಗಿತ್ತು, ತುಟಿ ಮಾತ್ರ ಅಲುಗಿತು.

"ಸಿದ್ದರಾಜು, ಲೇ! ಮಾತಾಡೋ!"

ಅವನ ಕತ್ತು ಪಕ್ಕಕ್ಕೆ ವಾಲಿತು. ಉಸಿರಿತ್ತು. ಆಗ ನನಗೆ ಬಂದಷ್ಟು ಆಸೆ ಹಿಂದೆಂದೂ ಬಂದಿರಲಿಲ್ಲ: ಬಟ್ಟೆ ಸರಿಸಿ ರಕ್ತ ನಿಂತಿದೆಯೇ ಎಂದು ಒಮ್ಮೆ ನೋಡುವ ಆಸೆ. ನೋಡಬೇಡ ಎಂದಿದ್ದವನು ಈಗ ತಡೆಯುವ ಸ್ಥಿತಿಯಲ್ಲಿರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡು ಒತ್ತಿದೆ. ನಾಗಮ್ಮ ತಮ್ಮ ಮನೆಯ ಕಂಬಳಿಯನ್ನು ಅವನ ಮೈಮೇಲೆ ಹೊದಿಸಿ, ಅವನ ತಲೆಯ ಹತ್ತಿರ ಕೂತು "ಉಸ್ರಾಡಪ್ಪ, ಉಸ್ರಾಡಪ್ಪ" ಎಂದು ಹೇಳುತ್ತಲೇ ಇದ್ದರು. ನಾನೂ ಅವರ ಮಾತಿನ ಜೊತೆಗೇ ಉಸಿರಾಡುತ್ತಿದ್ದೆ.

ಆಂಬುಲೆನ್ಸ್ ಬಂದು ಅದರ ಸಿಬ್ಬಂದಿ ಕೈಹಾಕಿದ ಮೇಲೂ ನನ್ನ ಬೆರಳುಗಳು ಬಿಡಲಿಲ್ಲ. "ಬಿಡಿ ಸಾರ್, ನಾನು ಹಿಡ್ಕೊಂಡಿದ್ದೀನಿ" ಎಂದು ಅವರು ಒಂದೊಂದೇ ಬೆರಳನ್ನು ಬಿಡಿಸಬೇಕಾಯಿತು.

ಟಿ. ನರಸೀಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಡ್ರಿಪ್ಪು ಹಾಕಿ, ರಕ್ತಸ್ರಾವ ಹಿಡಿತಕ್ಕೆ ಬಂದಿದೆ, ಆದರೆ ರಕ್ತನಾಳ ತುಂಡಾಗಿರಬಹುದು, ತಕ್ಷಣ ಮೈಸೂರಿಗೆ ಹೋಗಬೇಕು ಎಂದರು. ಅದೇ ಆಂಬುಲೆನ್ಸು ಮೈಸೂರಿಗೆ ತಿರುಗಿತು. ಕಿಟಕಿಯಿಂದ ಹೊಳೆಯ ಸೇತುವೆ ಕಂಡಿತು. ಮಂಜು ಹರಿದು ನೀರಿನ ಮೇಲೆ ಬಿಸಿಲು ಬಿದ್ದಿತ್ತು. ಜನ ಮೀಯುತ್ತಿದ್ದರು. ಅಲ್ಲಿ ನಿಂತು ಟೀ ಕುಡಿಯುವುದೆಂದು ನಾವು ಮಾತಾಡಿಕೊಂಡಿದ್ದೆವು.

ಮೈಸೂರಿನಲ್ಲಿ ಆಪರೇಷನ್ ಮುಗಿದ ಮೇಲೆ ವೈದ್ಯರು, ಸುದ್ದಿ ತಿಳಿದು ಬಂದಿದ್ದ ಮಂಜುಳಾಗೆ ನೇರವಾಗಿ ಹೇಳಿದರು: "ಜೀವಕ್ಕೆ ತೊಂದರೆ ಇಲ್ಲಮ್ಮ. ಕಾಲಿನ ಬಗ್ಗೆ ಈಗ್ಲೇ ಹೇಳಕ್ಕಾಗಲ್ಲ. ಪಾದಕ್ಕೆ ರಕ್ತ ಹೋಗ್ತಾ ಇರಬೇಕು, ಬೆರಳು ಆಡಬೇಕು. ನೋಡೋಣ." ಆಮೇಲೆ ನಾವು ಮಾಡಿದ್ದು ನೋಡುವುದೊಂದೇ. ಮಂಜುಳಾ ಗಂಡನ ಪಾದವನ್ನು ಅಂಗೈಯಲ್ಲಿ ಮುಟ್ಟಿ, ಬೆಚ್ಚಗಿದೆಯೇ ಎಂದು ತನ್ನ ಕೆನ್ನೆ ಮುಟ್ಟಿಕೊಂಡು ಹೋಲಿಸುತ್ತಿದ್ದಳು. ಪೊಲೀಸರು ಬಂದು ಕೇಳಿದಾಗ ನಾನು ಕಂಡದ್ದನ್ನು ಹೇಳಿದೆ: ಹುರುಳಿ ಇತ್ತು, ಪಕ್ಕದಲ್ಲಿ ದಾರಿಯೂ ಇತ್ತು. ಎಚ್ಚರವಾದ ಮೇಲೆ ಸಿದ್ದರಾಜು, "ನಾನೇ ಅತ್ಸುದ್ದು ಸಾ, ದೂರೇನೂ ಇಲ್ಲ," ಎಂದ.

ಆಂಬುಲೆನ್ಸ್ ಹೊರಡುವಾಗ ನಾಗಮ್ಮ ಬಾಚಿ ಕೊಟ್ಟಿದ್ದ ಔಷಧದ ಸಾಮಾನನ್ನು ವಾರ್ಡಿನ ಹೊರಗೆ ಕೂತು ಮತ್ತೆ ಜೋಡಿಸಿದೆ. ಕೈಗೆ ಕೆಲಸ ಬೇಕಿತ್ತು. ದಪ್ಪನೆಯ ಗಾಜ್ ಬಟ್ಟೆಯೂ ಒಂದು ಬ್ಯಾಂಡೇಜು ಸುರುಳಿಯೂ ಈಗ ನನ್ನ ಜಾಕೆಟ್ಟಿನ ಜೇಬಿನಲ್ಲಿ ಇರುತ್ತವೆ. ಅವನ ಜಾಕೆಟ್ಟಿನಲ್ಲೂ ಅಷ್ಟೇ ಇರಬೇಕು. ಗಂಟು ಹಾಕುವಂತಿಲ್ಲ, ಒಂದು ಕೈಯಲ್ಲಿ ತೆರೆಯುವಂತಿರಬೇಕು. ಮಾತ್ರೆ, ಮುಲಾಮು ಬೇಕಾದರೆ ಬ್ಯಾಗಿನ ತಳದಲ್ಲಿರಲಿ. ತಲೆನೋವು ಕಾಯುತ್ತದೆ.

ಕೆಲವು ದಿನ ಕಳೆದು, ಒಂದು ಬೆಳಿಗ್ಗೆ ವೈದ್ಯರು ಹೊದಿಕೆ ಸರಿಸಿ, "ಬೆರಳು ಆಡಿಸಿ ನೋಡೋಣ" ಎಂದರು. ಸಿದ್ದರಾಜು ಹಲ್ಲು ಕಚ್ಚಿದ. ಏನೂ ಆಗಲಿಲ್ಲ. ಮಂಜುಳಾ ಗೋಡೆಯ ಕಡೆಗೆ ತಿರುಗಿಕೊಂಡಳು. ಅವನು ಮತ್ತೊಮ್ಮೆ ಕಚ್ಚಿದ. ಹೆಬ್ಬೆರಳು ಅಲುಗಿತು. ಅದರ ಹಿಂದೆಯೇ, ಸ್ವಲ್ಪ ತಡವಾಗಿ, ಪಕ್ಕದವು.

ಅಂದೇ ನಾನು ಬೈಕುಗಳ ವಿಚಾರ ನೋಡಲು ಹೊರಟೆ. ಎರಡೂ ಮಾದಯ್ಯನವರ ಮನೆಯಲ್ಲಿಯೇ ಉಳಿದಿದ್ದವು. ಮೈಸೂರಿನಿಂದ ಟಿ. ನರಸೀಪುರಕ್ಕೆ ಬಸ್ಸು, ಅಲ್ಲಿಂದ ಅವರ ಊರಿಗೆ ಹಾಲಿನ ಕ್ಯಾನುಗಳ ನಡುವೆ ಶೇರ್ ಆಟೋ. ರಸ್ತೆ ಖಾಲಿಯಾಗಿತ್ತು. ಮಾದಯ್ಯ ಎದುರಿಗೇ ಸಿಕ್ಕರು. ನನ್ನನ್ನು ಗುರುತಿಸಿ ಟವಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಕೇಸೇನಾರ ಆಗದಾ ಸಾ?"

"ಇಲ್ಲ. ಅವನೇ ಬೇಡ ಅಂದ." ಜೊತೆಗೇ ಕೇಳಿದೆ: "ಅವತ್ತು ನೀವು ಗುಡಿಸಿದ್ದು ಯಾಕೆ? ಪೊಲೀಸರಿಗೆ ಕಾಣಬಾರದು ಅಂತಲೋ, ಇನ್ನೊಂದು ಗಾಡಿ ಬಂದು ನಮ್ಮ ಮೇಲೆ ಬೀಳಬಾರದು ಅಂತಲೋ?"

ಅವರು ನೆಲ ನೋಡಿದರು. "ಎರಡುಕ್ಕೂವೆ ಸಾ," ಎಂದರು.

ಅವರ ಜೊತೆ ಮನೆಯತನಕ ನಡೆದೆ. ಕೊಟ್ಟಿಗೆಯ ಪಕ್ಕ ಬೈಕುಗಳಿಗೆ ಟಾರ್ಪಾಲು ಹೊದಿಸಿ ಕಲ್ಲು ಇಟ್ಟಿದ್ದರು. ಹೊಲದ ಕಡೆಯಿಂದ ನಾಗಮ್ಮ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬಂದರು. ನನ್ನನ್ನು ಕಂಡು ಅಂಗಳದ ನಡುವೆ ನಿಂತುಬಿಟ್ಟರು. ಬಾ ಎನ್ನಲಿಲ್ಲ, ಹೊರೆಯನ್ನೂ ಇಳಿಸಲಿಲ್ಲ.

"ಕಾಲು ಅದಾ ಸಾ?"

"ಇದೆ ಕಣಮ್ಮ. ಇವತ್ತು ಬೆಳಿಗ್ಗೆ ಬೆರಳು ಆಡಿಸಿದ."

"ಅಯ್ದೂವಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಕಿರುಬೆರಳು ಒಂದು ಇನ್ನೂ ಆಡಲಿಲ್ಲ."

ಹೊರೆಯ ಕೆಳಗಿನಿಂದ ಅವರು ನನ್ನ ಮುಖವನ್ನೇ ನೋಡಿದರು, ಬೇರೇನಾದರೂ ಮುಚ್ಚಿಡುತ್ತಿದ್ದೇನೆಯೇ ಎನ್ನುವಂತೆ.

"ಕಿರುಬೆಳ್ಳಿಗೇನು, ಅದು ನಿಧಾನುಕ್ಕೆ ಬತ್ತದೆ ಬುಡಿ," ಎಂದು ಹೇಳಿ, ಹೊರೆಯನ್ನು ಕೆಳಗೆ ಹಾಕಿ, ಅದರ ಮೇಲೆಯೇ ಕುಸಿದು ಕೂತರು.