ತಳದ ಸ್ವರ ಮತ್ತು ಒಂದು ನಿಂಬೆಹಣ್ಣು

ಸಂಡೂರಿನ ಶಾಲೆಯೊಂದರಲ್ಲಿ ಬೇಸಿಗೆ ರಜೆಗೆ ಬಸೂನ್ ಶಿಬಿರ ಎಂದು ಕೇಳಿದಾಗ ನಾನು ಎತ್ತಿದ ಮೊದಲ ಪ್ರಶ್ನೆ, ಬಸೂನ್ ಅಂದರೇನು? ಎರಡನೆಯದು, ಅದನ್ನು ಸಂಡೂರಿನಲ್ಲಿ ಯಾರಾದರೂ ಯಾಕೆ ಕಲಿಯಬೇಕು? ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ನಮ್ಮಪ್ಪ ಎರಡಕ್ಕೂ ಉತ್ತರ ಕೊಡದೆ ನನ್ನ ಹೆಸರು ಬರೆಸಿ ಬಂದರು. ಹೊಸಪೇಟೆಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ಗೆದ್ದು ನಾನು ಮನೆಯಲ್ಲಿ ಯಾರನ್ನೂ ನೆಮ್ಮದಿಯಾಗಿ ಉಣ್ಣಲು ಬಿಡುತ್ತಿಲ್ಲವಂತೆ. ಹತ್ತು ದಿನ ಬಾಯಿಗೆ ಬೇರೆ ಕೆಲಸ ಸಿಗಲಿ ಎಂಬುದು ಅವರ ವಾದ. ಅದರಲ್ಲಿ ದೋಷ ಹುಡುಕಿದೆ. ಸಿಗಲಿಲ್ಲ.

ಶಿಬಿರದಲ್ಲಿ ನಾವು ಒಂಬತ್ತು ಜನ, ಬಸೂನ್ ಒಂದು. ಎದೆಮಟ್ಟದ ಮರದ ಕೊಳವೆ, ಮೈತುಂಬ ತೂತು. ಮಿಲಿಟರಿ ಬ್ಯಾಂಡಿನಲ್ಲಿ ಮೂವತ್ತು ವರ್ಷ ಅದನ್ನೇ ಊದಿ, ನಿವೃತ್ತರಾಗಿ ಬಂಡ್ರಿಗೆ ಮರಳಿದ್ದ ಮೇಷ್ಟ್ರದು. ಉಳಿದವರ ಅಭ್ಯಾಸಕ್ಕೆ ಬೋರ್‌ವೆಲ್ ಪೈಪಿನ ತುಂಡುಗಳಿಗೆ ತೂತು ಕೊರೆಸಿ ಕೊಟ್ಟಿದ್ದರು. ಸದ್ದೇ ಬಾರದ ಪೈಪುಗಳ ಮೇಲೆ ನಾವು ಗಂಭೀರವಾಗಿ ಬೆರಳಾಡಿಸುತ್ತಿದ್ದರೆ, ಕಿಟಕಿಯಲ್ಲಿ ಇಣುಕಿದವರೊಬ್ಬರು ತಮ್ಮ ಮನೆಯ ನಲ್ಲಿ ಸೋರುತ್ತಿದೆ, ಸಂಜೆ ಯಾರನ್ನಾದರೂ ಕಳಿಸಿ ಎಂದು ಹೇಳಿಹೋದರು.

ಮೊದಲ ದಿನ ವಾದ್ಯಕ್ಕೆ ಪೂಜೆ ಮಾಡೋಣ ಎಂದರು ಮೇಷ್ಟ್ರು. ನಮ್ಮ ಕಡೆ ಅದಿರಿನ ಲಾರಿಯಿಂದ ಜೆರಾಕ್ಸ್ ಯಂತ್ರದವರೆಗೆ ವಿಭೂತಿ ಬಳಿದು ನಿಂಬೆಹಣ್ಣು ಇಡದೆ ಯಾವುದೂ ಚಾಲೂ ಆಗುವುದಿಲ್ಲ. ಪೂಜೆಗೂ ನಾದಕ್ಕೂ ಏನು ಸಂಬಂಧ, ತೋರಿಸಿ ಎಂದೆ. ಪೂಜೆ ರದ್ದಾಯಿತು. ಅರ್ಧ ಗಂಟೆಯಲ್ಲಿ, ತುಟಿಗಿಡುವ ಬೆತ್ತದ ಪೀಪಿ ಸೆಕೆಗೆ ಸೀಳಿತು. ಮೇಷ್ಟ್ರ ಬಳಿ ಇನ್ನು ಉಳಿದದ್ದು ಒಂದೇ.

“ಸಂಬಂಧ ಸಿಕ್ತೇನವ್ವ?” ಎಂದರು, ಶಾಂತವಾಗಿ.

ಅವರ ಸಂಕಟ ತಿಳಿದದ್ದು ನಾಲ್ಕನೆಯ ದಿನ. ಬ್ಯಾಂಡಿನ ಡ್ರಮ್ಮು ಕಹಳೆಗಳ ನಡುವೆ ಬಸೂನ್ ಯಾರಿಗೂ ಕೇಳಿಸುತ್ತಿರಲಿಲ್ಲ. ಒಮ್ಮೆ ಪರೇಡು ನೋಡಿದ ಅವರ ಹೆಂಡತಿ, ಇವರು ಬರೀ ಗಲ್ಲ ಉಬ್ಬಿಸುತ್ತಾರೆ ಎಂದು ಊರಿಗೆಲ್ಲ ಹೇಳಿದ್ದರು. “ಸಮಾರೋಪದಾಗ ಆಕಿಗೆ ತಳದ ಸ್ವರ ಕೇಳಿಸ್ಬೇಕು ನೋಡವ್ವ,” ಎಂದರು ಮೇಷ್ಟ್ರು. “ಅಷ್ಟಾದ್ರ ಸಾಕು.” ಉಳಿದ ಸ್ವರಗಳು ಪಕ್ಕದ ತೂತುಗಳಿಂದ ಬರುತ್ತವೆ. ಎಲ್ಲ ತೂತು ಮುಚ್ಚಿದಾಗ ಬರುವ ಆ ತಳದ ಸ್ವರಕ್ಕೆ ಮಾತ್ರ ಮೇಲಿನ ಬಾಯೊಂದೇ ದಾರಿ.

ಸಮಾರೋಪದ ಬೆಳಿಗ್ಗೆ ಹೆಂಡತಿ ಪೂಜೆಯ ತಟ್ಟೆ ಹಿಡಿದೇ ಬಸ್ಸಿಳಿದರು. ಮೊದಲ ದಿನ ಪೂಜೆ ತಪ್ಪಿಸಿದವಳು ಯಾರು ಎಂದು ಕೇಳಿದರು. ಎಂಟು ಬೆರಳು ನನ್ನತ್ತ ತಿರುಗಿದವು. ಮೇಷ್ಟ್ರು ಒಳಗೆ ಹಳೆಯ ಕೋಟಿನ ಗುಂಡಿ ಹಾಕಲು ಗುದ್ದಾಡುತ್ತಿದ್ದರು. ಆಕೆ ಕೊಳವೆಗೆ ವಿಭೂತಿ ಬಳಿದು, ಮೇಲಿನ ಬಾಯನ್ನು ನೋಡಿ, ಇದಕ್ಕೇ ಮಾಡಿಟ್ಟಂತಿದೆ ಎಂದು ನಿಂಬೆಹಣ್ಣೊಂದನ್ನು ಒತ್ತಿ ಕೂರಿಸಿದರು. ತಳದ ಸ್ವರದ ದಾರಿ ಮುಚ್ಚಿತೆಂದು ನನಗೆ ಗೊತ್ತಿತ್ತು. ಆಕ್ಷೇಪ ನಾಲಿಗೆಯ ತುದಿಯಲ್ಲಿತ್ತು. ಮತ್ತೇನಾದರೂ ಸೀಳಿದರೆ ಎಂಟು ಬೆರಳು ಮತ್ತೆ ತಿರುಗುತ್ತವೆ. ನಾನೂ ಕೈಮುಗಿದೆ.

ಮೇಷ್ಟ್ರು ಬಂದವರೇ ಕಣ್ಣು ಮುಚ್ಚಿ ಊದಿದರು, ಚೆನ್ನಾಗಿಯೇ ಊದಿದರು. ಕೊನೆಗೆ ಎಲ್ಲ ತೂತು ಮುಚ್ಚಿ ಉಸಿರು ತುಂಬಿದರು. ಗಲ್ಲ ಉಬ್ಬಿತು. ಮುಖ ಕೆಂಪಾಯಿತು. ಸದ್ದಿಲ್ಲ.

“ನಾ ಹೇಳಿದ್ದಿಲ್ಲೇನು?” ಎಂದರು ಹೆಂಡತಿ ಪಕ್ಕದವರಿಗೆ.

ಮೇಷ್ಟ್ರು ಕಣ್ಣು ತೆರೆದು ಆಕೆಯನ್ನು ನೋಡಿದರು. ಆ ನೋಟ ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ, ಬಸೂನನ್ನು ಅವರ ಕೈಯಿಂದ ತೆಗೆದುಕೊಂಡು ತಲೆಕೆಳಗು ಮಾಡಿ ಎರಡು ಸಲ ಕುಲುಕಿದೆ. ನಿಂಬೆಹಣ್ಣು ಉರುಳಿ ಆಕೆಯ ಕಾಲ ಬಳಿ ನಿಂತಿತು. ದೃಷ್ಟಿ ಹೊರಗ ಬಂತು ಎಂದು ಸಭೆಯೆಲ್ಲ ಕೈಮುಗಿಯಿತು. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಊದಿಬಿಟ್ಟರು. ಮೂಲೆಯಲ್ಲಿ ಒರಗಿಸಿದ್ದ ನಮ್ಮ ಪೈಪುಗಳು ಸಣ್ಣಗೆ ನಡುಗಿದವು.

ಹೆಂಡತಿ ಗಲ್ಲದ ಮೇಲಿನ ಕೈ ಇಳಿಸಿದರು. “ಇದಾ? ರಿಟೈರಾಗಿ ಬಂದಾಗಿಂದ ದಿನಾ ನಿಮ್ಮ ಗೊರಕ್ಯಾಗ ಕೇಳೀನಲ್ರಿ.” ಮುಂದಕ್ಕೆ ಬಾಗಿ, “ಇನ್ನೊಮ್ಮೆ ಊದ್ರಿ,” ಎಂದರು.

ಅವರು ಊದುತ್ತಿರುವಾಗಲೇ ಆಕೆ ನಿಂಬೆಹಣ್ಣನ್ನು ನನ್ನ ಕೈಗಿಟ್ಟು, ಮೂರು ದಾರಿ ಕೂಡುವಲ್ಲಿ ಎಸೆದು ಬಾ, ತಿರುಗಿ ನೋಡಬೇಡ ಎಂದರು. ಎಸೆದೆ. ತಿರುಗಿ ನೋಡಲಿಲ್ಲ. ಎದುರಿಗೆ ಅದಿರಿನ ಲಾರಿ ಬರುತ್ತಿತ್ತು, ಅದಕ್ಕೆ.